ವ್ಯಾಜ್ಯ ಬಿಡಿಸಿದ ವಕೀಲ, ಸಂತ ಇವೊ

ವಕೀಲರ ಪಾಲಕರಾದ ಸಂತ ಇವೊ 1253ರಲ್ಲಿ, ಇಂದಿನ ಫ್ರಾನ್ಸಿನ ಬ್ರಿಟನಿ ಪ್ರಾಂತದ ಕೆರ್ಮಾರ್ಟಿನ್‌ನಲ್ಲಿ ಜನಿಸಿದರು. ಪ್ಯಾರಿಸ್, ಓರ್ಲಿಯನ್ಸ್ ನಗರಗಳಲ್ಲಿ ನ್ಯಾಯಶಾಸ್ತ್ರ ಕಲಿತು, ರೆನ್‌ನಲ್ಲಿಯೂ ಬಳಿಕ ಟ್ರೆಗಿಯೆಯಲ್ಲಿಯೂ ಧರ್ಮಸಭೆಯ ನ್ಯಾಯಾಧೀಶರಾದರು; ಗುರುದೀಕ್ಷೆಯನ್ನೂ ಪಡೆದರು. ಬಡವರ ಪರವಾಗಿ ಶುಲ್ಕವಿಲ್ಲದೆ ವಾದಿಸಿದರು, ಲಂಚವನ್ನು ಮುಟ್ಟಲಿಲ್ಲ. ಆದರೆ ಅವರ ನಿಜವಾದ ಹಿರಿಮೆ ಇರುವುದು ಗೆದ್ದ ಮೊಕದ್ದಮೆಗಳಲ್ಲಲ್ಲ, ನ್ಯಾಯಾಲಯದ ಮೆಟ್ಟಿಲೇರದಂತೆ ತಡೆದ ಮೊಕದ್ದಮೆಗಳಲ್ಲಿ. ವಾದಿ ಪ್ರತಿವಾದಿಗಳನ್ನು ರಾಜಿಗೆ ಒಪ್ಪಿಸಲು ಅವರು ಪಟ್ಟ ಶ್ರಮ ಅಷ್ಟಿಷ್ಟಲ್ಲ. ಪರಸ್ಪರ ವ್ಯಾಜ್ಯಕ್ಕಿಳಿದ ತಾಯಿ ಮಗ ಯಾರ ಬುದ್ಧಿವಾದಕ್ಕೂ ಬಗ್ಗದಿದ್ದಾಗ, ಇವೊ ಅವರಿಗಾಗಿ ಬಲಿಪೂಜೆ ಅರ್ಪಿಸಿದರೆಂದೂ, ಪೂಜೆ ಮುಗಿದೊಡನೆ ಇಬ್ಬರೂ ಹಟ ಬಿಟ್ಟು ಒಂದಾದರೆಂದೂ ಪ್ರತೀತಿಯಿದೆ.

ಅಡುಗೆಯ ಪರಿಮಳ ಸವಿದ ಭಿಕ್ಷುಕನಿಂದ ಬೆಲೆ ಕೇಳಿ ದಾವೆ ಹೂಡಿದ ಊಟದ ಮನೆಯವನಿಗೆ, ನಾಣ್ಯದ ಸದ್ದನ್ನಷ್ಟೇ ಕೇಳಿಸಿ ಲೆಕ್ಕ ತೀರಿಸಿದ ಕತೆಯೂ ಇವರದೆನ್ನುತ್ತಾರೆ. ಅದು ಬೇರೆಯವರ ಹೆಸರಿನಲ್ಲಿಯೂ ಪ್ರಚಲಿತ. ಆದರೂ ಇವರಿಗೆ ಚೆನ್ನಾಗಿಯೇ ಒಪ್ಪುತ್ತದೆ.

ಮುಂದೆ ನ್ಯಾಯಪೀಠವನ್ನು ತೊರೆದು ಧರ್ಮಕೇಂದ್ರದ ಸೇವೆಗೆ ನಿಂತರು. ಹುಟ್ಟಿದ ಮನೆಯನ್ನೇ ದಿಕ್ಕಿಲ್ಲದವರ ಆಶ್ರಯವಾಗಿಸಿದರು. 1303ರ ಮೇ 19ರಂದು ದೈವಾಧೀನರಾದ ಇವರನ್ನು ಜಗದ್ಗುರು ಆರನೆಯ ಕ್ಲೆಮೆಂಟರು 1347ರಲ್ಲಿ ಸಂತರೆಂದು ಘೋಷಿಸಿದರು. ಸ್ಮರಣೆಯ ಹಬ್ಬವೂ ಮೇ 19ರಂದೇ.