ವಾಂಟೇಜಿನ ಮಠದಲ್ಲಿ ಪಂಡಿತಾ ರಮಾಬಾಯಿ

ತುಂಗೆ, ಭದ್ರೆ, ನೇತ್ರಾವತಿಗಳು ಉದಿಸುವ ಗಂಗಾಮೂಲದ ಅರಣ್ಯದಲ್ಲಿ 1858ನೆಯ ಏಪ್ರಿಲ್ 23ರಂದು ಹುಟ್ಟಿದ ಬ್ರಾಹ್ಮಣ ಕನ್ಯೆಯೊಬ್ಬಳು, ಕಾಲು ಶತಮಾನ ಕಳೆಯುವಷ್ಟರಲ್ಲಿ, ಇಂಗ್ಲೆಂಡಿನ ಕ್ರೈಸ್ತ ಸಂನ್ಯಾಸಿನಿಯರ ಮಠವೊಂದರ ಆಶ್ರಯದಲ್ಲಿ ದೀಕ್ಷಾಸ್ನಾನ ಪಡೆದದ್ದು ಹತ್ತೊಂಬತ್ತನೆಯ ಶತಮಾನದ ಅಚ್ಚರಿಯ ಕಥೆಗಳಲ್ಲೊಂದು. ಪಂಡಿತಾ ರಮಾಬಾಯಿಯವರು ಹುಟ್ಟಿದ ಧರ್ಮವನ್ನು ಏಕೆ ತೊರೆದರೆಂಬುದನ್ನು ಕುರಿತು ಅಂದಿನಿಂದಲೂ ಬೇಕಾದಷ್ಟು ಚರ್ಚೆ ನಡೆದಿದೆ. ಹೊಗಳಿದವರೂ ಉಂಟು, ಹಳಿದವರೂ ಉಂಟು. ಆದರೆ ಹೊಸ ಧರ್ಮವನ್ನು ಹೊಕ್ಕ ಮೇಲೆ, ಆ ಧರ್ಮದ ನೆಲದಲ್ಲಿಯೇ, ಆ ಧರ್ಮದ ಹಿರಿಯರಿಂದಲೇ ಅವರ ಶ್ರದ್ಧೆಗೆ ಒದಗಿದ ಪರೀಕ್ಷೆಯನ್ನು ಕುರಿತು ಮಾತನಾಡಿದವರು ಕಡಿಮೆ. ರಮಾಬಾಯಿಯವರ ನಿಜವಾದ ಎತ್ತರ ಕಾಣುವುದು ಅಲ್ಲಿಯೇ ಎಂದು ನನ್ನ ಭಾವನೆ.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದವರು; ಚಿತ್ಪಾವನ ಬ್ರಾಹ್ಮಣರು, ದೊಡ್ಡ ವಿದ್ವಾಂಸರು. ತಮ್ಮ ಗುರುಗಳು ಪೇಶ್ವೆಯ ಮನೆಯ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದುದನ್ನು ಯೌವನದಲ್ಲಿ ಕಂಡ ಅವರು ತಮ್ಮ ಹೆಂಡತಿಗೂ ಅದನ್ನು ಕಲಿಸಬೇಕೆಂದು ಹಟತೊಟ್ಟರು. ಬಂಧುಗಳು ವಿರೋಧಿಸಿದರು, ಊರು ಮುನಿಯಿತು. ಶಾಸ್ತ್ರಿಗಳು ಹೆಂಡತಿ ಲಕ್ಷ್ಮೀಬಾಯಿಯನ್ನು ಕರೆದುಕೊಂಡು ಕಾಡು ಸೇರಿದರೇ ವಿನಾ ತಮ್ಮ ನಿಲವನ್ನು ಬಿಡಲಿಲ್ಲ. ಸ್ತ್ರೀಯರು ಸಂಸ್ಕೃತ ಕಲಿಯಲು ಶಾಸ್ತ್ರದ ಅಡ್ಡಿಯಿಲ್ಲವೆಂಬುದಕ್ಕೆ ಗ್ರಂಥಗಳನ್ನೆಲ್ಲ ಶೋಧಿಸಿ ಪ್ರಮಾಣಗಳನ್ನು ಕಲೆಹಾಕಿ ಪಂಡಿತರ ಸಭೆಯ ಮುಂದೆ ಒಡ್ಡಿದರು. ಆಪ್ತವಾಕ್ಯವಾದರೂ ಸರಿಯೆ, ಪ್ರಮಾಣವಿಲ್ಲದೆ ಒಪ್ಪಬಾರದೆಂಬ ಬುದ್ಧಿ ಮಗಳಿಗೆ ಬಂದದ್ದು ಈ ಮನೆಯಿಂದ. ತಾಯಿಯಿಂದಲೇ ಪಾಠ ಹೇಳಿಸಿಕೊಂಡ ಹುಡುಗಿಗೆ ಹನ್ನೆರಡನೆಯ ವಯಸ್ಸಿಗೆಲ್ಲ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಕಂಠಸ್ಥವಾಗಿದ್ದವು. ವೇದವನ್ನು ಮಾತ್ರ ತಂದೆ ಹೇಳಿಕೊಡಲಿಲ್ಲ. ಅಷ್ಟರ ಮಟ್ಟಿಗೆ ಅವರೂ ಸಂಪ್ರದಾಯಸ್ಥರೇ.

ಮುಂದಿನ ವರ್ಷಗಳು ತೀರ್ಥಯಾತ್ರೆಯಲ್ಲಿಯೂ ಪುರಾಣಪ್ರವಚನದಲ್ಲಿಯೂ ಕಳೆದವು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಕಾಲ್ನಡಿಗೆಯಲ್ಲಿ ದೇಶವನ್ನು ಅಲೆದು 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿನ ವಿದ್ವಾಂಸರು ಆ ಇಪ್ಪತ್ತು ವಯಸ್ಸಿನ ಹುಡುಗಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. ವೇದವನ್ನು ಓದಲು ಹುರಿದುಂಬಿಸಿದವರು ಕೇಶವಚಂದ್ರ ಸೇನರು. ಓದುತ್ತ ಓದುತ್ತ ಹಳೆಯ ನಂಬುಗೆಗಳು ಒಂದೊಂದಾಗಿ ಸಡಿಲಿದವು. 1880ರಲ್ಲಿ ಅಣ್ಣ ಸತ್ತ. ಅದೇ ವರ್ಷ ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ, ಜಾತಿಯಲ್ಲಿ ಬ್ರಾಹ್ಮಣರಲ್ಲದ, ಬಂಗಾಳಿ ವಕೀಲರನ್ನು ಮದುವೆಯಾದರು. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾ ರೋಗಕ್ಕೆ ತುತ್ತಾದರು. ಅಸ್ಸಾಮಿನ ಸಿಲ್ಚಾರಿನಲ್ಲಿದ್ದಾಗಲೇ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ರಮಾಬಾಯಿಯವರ ಕೈಗೆ ಬಂದಿತ್ತು. ಪಾದ್ರಿಯೊಬ್ಬರು ಮನೆಗೆ ಬಂದು ಅದನ್ನು ವಿವರಿಸುತ್ತಿದ್ದರು. ಗಂಡನಿಗೆ ಅದು ಹಿಡಿಸಿರಲಿಲ್ಲ.

ವಿಧವೆಯಾಗಿ ಪುಣೆಗೆ ಬಂದವರು ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು, ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದರು, ಸ್ತ್ರೀಧರ್ಮನೀತಿ ಎಂಬ ಮರಾಠಿ ಗ್ರಂಥವನ್ನು ಬರೆದರು. ವೈದ್ಯವಿದ್ಯೆ ಕಲಿತು ಬರಬೇಕೆಂಬ ಹಂಬಲ ಹುಟ್ಟಿತು. ಪುಣೆಯಲ್ಲಿ ಸೇವೆ ಮಾಡುತ್ತಿದ್ದ ಸಂತ ಮೇರಿಯ ಮಠದ ಸೋದರಿಯರು ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನ ತಮ್ಮ ಮೂಲಮಠದಲ್ಲಿ ಇರಲು ಎಡೆಮಾಡಿಕೊಡುವುದಾಗಿ ಒಪ್ಪಿದರು. ಹಡಗಿನ ಖರ್ಚಿಗೆ ಒದಗಿದ್ದು ಪುಸ್ತಕದಿಂದ ಬಂದ ಹಣ. 1883ರ ವಸಂತದಲ್ಲಿ ಎರಡು ವರ್ಷದ ಮಗುವನ್ನೂ ಆನಂದೀಬಾಯಿ ಭಗತ್ ಎಂಬ ಗೆಳತಿಯನ್ನೂ ಕರೆದುಕೊಂಡು ರಮಾಬಾಯಿ ಹೊರಟರು.

ವಾಂಟೇಜಿನಲ್ಲಿ ಏರ್ಪಾಡು ಸರಳವಾಗಿತ್ತು. ಭಾರತಕ್ಕೆ ಹೋಗಲಿರುವ ಸೋದರಿಯರಿಗೆ ಇವರು ಮರಾಠಿ ಕಲಿಸಬೇಕು. ಅವರು ಇವರಿಗೆ ಇಂಗ್ಲಿಷ್ ಕಲಿಸಬೇಕು. ಆದರೆ ಬಂದ ಕೆಲವು ತಿಂಗಳಲ್ಲಿಯೇ ಎರಡು ಆಘಾತಗಳು ಬಂದವು. ಕಿವಿ ಮಂದವಾಗಿದ್ದುದರಿಂದ ವೈದ್ಯವಿದ್ಯೆಯ ಆಸೆ ಮುರಿಯಿತು. ಆನಂದೀಬಾಯಿ ಮನಸ್ಸಿನ ಸ್ಥಿಮಿತ ಕಳೆದುಕೊಂಡು ವಿಷ ಸೇವಿಸಿ ಪ್ರಾಣಬಿಟ್ಟರು. ಆ ಬಳಿಕ ಆಕ್ಸ್‌ಫರ್ಡಿನಲ್ಲಿ ಮ್ಯಾಕ್ಸ್ ಮುಲ್ಲರರ ಮನೆಯಲ್ಲಿ ತಂಗಿದ್ದಾಗ, ರಾತ್ರಿ ಒಬ್ಬರೇ ಮಲಗಲು ರಮಾಬಾಯಿ ಅಂಜುತ್ತಿದ್ದರಂತೆ. ಮನೆಯ ದಾಸಿಯೊಬ್ಬಳು ಜೊತೆಗೆ ಮಲಗಬೇಕಾಗುತ್ತಿತ್ತು. ಈ ನೆಲೆಗೆಟ್ಟ ಸ್ಥಿತಿಯಲ್ಲಿಯೇ ಅವರು ಕ್ರೈಸ್ತರಾದರೆಂದು ಹೇಳುವವರಿದ್ದಾರೆ. ನನಗೆ ಅದು ಪೂರ್ತಿ ನಿಜವೆನಿಸುವುದಿಲ್ಲ. ಲಂಡನ್ನಿನ ಫುಲ್‌ಹ್ಯಾಮಿನಲ್ಲಿ, ದಾರಿತಪ್ಪಿದ ಹೆಂಗಸರಿಗಾಗಿ ಸೋದರಿಯರು ನಡೆಸುತ್ತಿದ್ದ ಮನೆಯನ್ನು ಅವರು ನೋಡಿಬಂದಿದ್ದರು. ಸಮಾಜ ಕಾಲಿನಿಂದ ಒದ್ದ ಹೆಣ್ಣುಗಳನ್ನು ಅಲ್ಲಿ ಕರುಣೆಯಿಂದ ಮೇಲೆತ್ತುತ್ತಿದ್ದರು. ಈ ಕರುಣೆಯ ಮೂಲವೇನೆಂದು ಕೇಳಿದಾಗ, ಬಾವಿಯ ಬಳಿ ಕ್ರಿಸ್ತನು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಪ್ರಸಂಗವನ್ನು ಓದಿ ಹೇಳಿದರು. ತಾವು ಅರಸಿ ಬಂದದ್ದು ಇದೇ ಎಂದು ರಮಾಬಾಯಿಗೆ ಅನಿಸಿತು. ಸ್ವತಃ ಬ್ರಾಹ್ಮಣ ಪಂಡಿತರಾಗಿದ್ದು ಕ್ರೈಸ್ತರಾದ ನೆಹೆಮ್ಯ ಗೋರೆಯವರ ಬರಹಗಳೂ ಸಂದೇಹಗಳನ್ನು ನೀಗಿಸಿದವು. 1883ರ ಸೆಪ್ಟೆಂಬರ್ 29ರಂದು ತಾಯಿಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ಅಲ್ಲಿಂದ ಪರೀಕ್ಷೆ ಆರಂಭ. ರಮಾಬಾಯಿಯ ಧರ್ಮಮಾತೆಯಾದವರು ಸೋದರಿ ಜೆರಾಲ್ಡೀನ್. ಪುಣೆಯಲ್ಲಿಯೇ ಪರಿಚಿತರಾಗಿದ್ದ ಇವರನ್ನು ರಮಾಬಾಯಿ ಅಜೀಬಾಯಿ ಎಂದು, ಮನೆಯ ಅಜ್ಜಿಯನ್ನು ಕರೆಯುವಂತೆ, ಕರೆಯುತ್ತಿದ್ದರು. ಎಷ್ಟೇ ಕಟುವಾಗಿ ವಾದಿಸುವ ಪತ್ರದಲ್ಲಿಯೂ ಆ ಸಂಬೋಧನೆಯನ್ನು ಬಿಡಲಿಲ್ಲ. ಮೊದಲ ಮನಸ್ತಾಪಗಳು ಸಣ್ಣವು. ರಮಾಬಾಯಿ ಮಾಂಸ ಮುಟ್ಟುತ್ತಿರಲಿಲ್ಲ. ಮೊಟ್ಟೆ ಬೆರೆತ ಭಕ್ಷ್ಯವನ್ನೂ ಒಲ್ಲೆನೆನ್ನುತ್ತಿದ್ದರು. ಇದು ಜಾತಿಯ ಹಳೆಯ ಅಭಿಮಾನದ ಶೇಷವೆಂದು ಸೋದರಿಯರಿಗೆ ಕಂಡಿತು. ಕ್ರಿಸ್ತನನ್ನು ಒಪ್ಪಿದವಳು ಅಡುಗೆಮನೆಯನ್ನೂ ಬದಲಾಯಿಸಬೇಕೆಂದು ಯಾವ ಶಾಸ್ತ್ರ ಹೇಳುತ್ತದೆಂಬುದು ಇವರ ಪ್ರಶ್ನೆ. ಕೊರಳಿಗೆ ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳಿರಬೇಕೆಂಬ ಮಾತು ಬಂದಾಗ, ತಮಗಾಗಲಿ ತಮ್ಮ ದೇಶದವರಿಗಾಗಲಿ ತಿಳಿಯದ ಭಾಷೆ ಏಕೆಂದು ಕೇಳಿದರು. ಬ್ರಾಹ್ಮಣರು ಸಂಸ್ಕೃತಕ್ಕೆ ಕೊಡುವ ಪಾವಿತ್ರ್ಯವನ್ನೇ ನೀವು ಲ್ಯಾಟಿನ್ನಿಗೆ ಕೊಡುತ್ತೀರಾ ಎಂಬ ಅರ್ಥ ಬರುವಂತೆ ಬರೆದು ಕೆಣಕಿದರು. ಅನಂತಶಾಸ್ತ್ರಿಗಳ ಮಗಳಲ್ಲದೆ ಇನ್ನಾರು ಈ ಪ್ರಶ್ನೆಯನ್ನು ಕೇಳಿಯಾರು!

1884ರಲ್ಲಿ ಅವರು ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜನ್ನು ಸೇರಿದರು. ಅಲ್ಲಿ ಸಂಸ್ಕೃತ ಕಲಿಸುತ್ತ ಗಣಿತ, ವಿಜ್ಞಾನ, ಇಂಗ್ಲಿಷ್ ಸಾಹಿತ್ಯಗಳನ್ನು ತಾವೂ ಕಲಿತರು. ಪ್ರಾಚಾರ್ಯೆ ಡೊರೊತಿಯಾ ಬೀಲ್ ವಿಚಾರವಂತೆ. ಸಂದೇಹವನ್ನು ಪಾಪವೆಂದು ಬಗೆಯದವರು. ಭಾರತಕ್ಕೆ ಹೋಗುವ ತರುಣರಿಗೆ ರಮಾಬಾಯಿ ಪಾಠ ಹೇಳಬಹುದೆಂಬ ಸೂಚನೆ ಬಂದಾಗ ಭಾರತದಲ್ಲಿದ್ದ ಬಿಷಪ್ಪರವರೆಗೆ ಸುದ್ದಿ ಹೋಯಿತು. ಹೆಂಗಸು ಗಂಡಸರಿಗೆ ಕಲಿಸುವುದು ಸಲ್ಲದು, ಸ್ವದೇಶದಲ್ಲಿ ಆಕೆಯ ಗೌರವಕ್ಕೆ ಕುಂದು ಬರುತ್ತದೆಂದು ಅಲ್ಲಿಂದ ಉತ್ತರ ಬಂತು. ಕಲ್ಕತ್ತೆಯ ಪಂಡಿತರ ತುಂಬಿದ ಸಭೆಯಲ್ಲಿ ಪ್ರವಚನ ಮಾಡಿ ಬಿರುದು ಪಡೆದ ಹೆಂಗಸಿಗೆ, ಭಾರತದ ಮರ್ಯಾದೆ ಯಾವುದೆಂಬುದನ್ನು ಇಂಗ್ಲಿಷ್ ಪಾದ್ರಿಗಳು ತಿಳಿಸಹೊರಟದ್ದು ವಿನೋದದ ಸಂಗತಿಯಾಗಿ ತೋರಬೇಕು. ರಮಾಬಾಯಿಗೆ ಅದು ಅಪಮಾನವಾಗಿಯೇ ತೋರಿತು.

ನಿಜವಾದ ಕದನ ನಡೆದದ್ದು 1885ರಲ್ಲಿ, ಪತ್ರಗಳಲ್ಲಿ. ವಿಷಯ ತ್ರಿಯೇಕ ದೇವರ ತತ್ತ್ವ. ತಂದೆ, ಮಗ, ಪವಿತ್ರಾತ್ಮ ಎಂಬ ಮೂವರೂ ಒಬ್ಬನೇ ದೇವರೆಂಬುದು ಬೈಬಲ್ಲಿನಲ್ಲಿ ಎಲ್ಲಿದೆ ಎಂದು ರಮಾಬಾಯಿ ಕೇಳಿದರು. ಅನೇಕ ದೇವತೆಗಳ ಉಪಾಸನೆಯನ್ನು ಬಿಟ್ಟು ಏಕದೇವನನ್ನು ಅರಸುತ್ತ ಬಂದ ಜೀವಕ್ಕೆ ಇದು ಗಂಟಲಲ್ಲಿ ಇಳಿಯದ ತುತ್ತು. ಕ್ರಿಸ್ತನ ದೈವತ್ವ, ಕನ್ನಿಕೆಯಲ್ಲಿ ಆತನ ಜನನ, ಅಥನೇಶಿಯಸನ ಹೆಸರಿನ ವಿಶ್ವಾಸಪ್ರಮಾಣ ಇವೆಲ್ಲವೂ ಅವರ ತರ್ಕದ ಒರೆಗಲ್ಲಿಗೆ ಬಂದವು. ಈ ಪ್ರಮಾಣವನ್ನು ಒಪ್ಪದವನಿಗೆ ಮುಕ್ತಿಯಿಲ್ಲವೆಂಬ ಶಾಸನವಂತೂ ಅವರಿಗೆ ಸಹಿಸಲಾಗಲಿಲ್ಲ. ಇಂಗ್ಲೆಂಡಿನ ಸಭೆಯು ಕ್ರೈಸ್ತ ಪಂಥಗಳಲ್ಲೊಂದು ಮಾತ್ರ. ತಾವು ಸ್ನಾನ ಪಡೆದದ್ದು ಕ್ರಿಸ್ತನ ವಿಶ್ವವ್ಯಾಪಿ ಸಭೆಗೆ ಎಂದರು. ಭಾರತದ ಪುರೋಹಿತರ ನೊಗವನ್ನು ಬಹು ಕಷ್ಟದಿಂದ ಕಳಚಿಕೊಂಡು ಬಂದವಳು ಇನ್ನೊಂದು ನೊಗಕ್ಕೆ ಕೊರಳೊಡ್ಡಲಾರೆನೆಂದು ಬರೆದರು. ದೇವರ ವಾಕ್ಯಕ್ಕೆ ವಿಧೇಯಳಾಗುವುದು ಬೇರೆ, ಅದನ್ನು ವ್ಯಾಖ್ಯಾನ ಮಾಡುವವರಿಗೆ ವಿಧೇಯಳಾಗುವುದು ಬೇರೆ ಎಂಬುದು ಅವರ ವಾದದ ತಿರುಳು. ತಮಗೆ ಸತ್ಯವೆಂದು ತೋರದುದನ್ನು ಮಗಳ ಬಾಯಲ್ಲಿ ಪಾಠಮಾಡಿಸಬಾರದೆಂದೂ ಕೇಳಿಕೊಂಡರು.

ಈ ಕೊನೆಯ ಮಾತಿನ ಹಿಂದಿದ್ದ ಸಂಕಟವನ್ನು ಗಮನಿಸಬೇಕು. ರಮಾಬಾಯಿ ಚೆಲ್ಟನ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಮನೋರಮೆ ಇದ್ದದ್ದು ವಾಂಟೇಜಿನ ಮಠದಲ್ಲಿ. ಯಾರೊಡನೆ ವಾದವೋ ಅವರ ಮಡಿಲಲ್ಲಿಯೇ ಮಗು. ಯಾರ ಮಾತನ್ನು ಒಪ್ಪಲಾಗದೋ ಅವರು ಕೊಟ್ಟ ಸೂರು, ಅವರ ಅನ್ನದ ಋಣ. ಸ್ವದೇಶದಲ್ಲಿ ಬಂಧುಗಳು ಉಳಿದಿರಲಿಲ್ಲ; ಪುಣೆಯ ಸ್ನೇಹಿತರಲ್ಲಿ ಅನೇಕರು ಮತಾಂತರದ ಸುದ್ದಿ ಕೇಳಿ ಕೈಬಿಟ್ಟಿದ್ದರು. ಇಂಗ್ಲೆಂಡಿನಲ್ಲಿಯೂ ಮುನಿಸು ಬೆಳೆದರೆ ಇಪ್ಪತ್ತೇಳು ವಯಸ್ಸಿನ ಕಿವಿಮಂದದ ಈ ವಿಧವೆ ಮಗುವನ್ನೆತ್ತಿಕೊಂಡು ಎಲ್ಲಿಗೆ ಹೋಗಬೇಕು? ತಲೆಬಾಗಿ ಒಪ್ಪಿದೆನೆಂದು ಒಂದು ಮಾತು ಹೇಳಿದ್ದರೆ ಎಲ್ಲವೂ ಸುಗಮವಾಗುತ್ತಿತ್ತು. ಹೇಳಲಿಲ್ಲ. ಹಿಂದೂಧರ್ಮಕ್ಕೆ ಮರಳುವುದಾಗಿ ಬೆದರಿಸಿ ಚೌಕಾಸಿ ಮಾಡಲೂ ಇಲ್ಲ. ಕ್ರಿಸ್ತನನ್ನು ಬಿಡೆನು, ನಿಮ್ಮ ಮಾತಿಗಾಗಿ ಅವನನ್ನು ಒಪ್ಪೆನು ಎಂಬ ಇಕ್ಕಟ್ಟಿನ ಜಾಗದಲ್ಲಿ ಒಂಟಿಯಾಗಿ ನಿಂತರು.

ಜೆರಾಲ್ಡೀನರನ್ನು ಕ್ರೂರಿಯೆಂದು ಚಿತ್ರಿಸುವುದು ಅನ್ಯಾಯ. ವಿಧೇಯತೆಯ ವ್ರತವನ್ನು ತೊಟ್ಟವರು ಆಕೆ. ತಾವು ಜೀವವನ್ನೇ ಒಪ್ಪಿಸಿದ ಸತ್ಯವನ್ನು ನೆಚ್ಚಿನ ಶಿಷ್ಯೆ ತರ್ಕದ ತಕ್ಕಡಿಯಲ್ಲಿ ತೂಗುವುದನ್ನು ನೋಡಿ ಆಕೆಯ ಎದೆ ನೊಂದಿತು. ಇದು ಅಹಂಕಾರ, ಆತ್ಮನಾಶದ ದಾರಿ ಎಂದು ಎಚ್ಚರಿಸಿದರು. ಆಕೆಯ ಭಯ ನಿಜವಾದ ಭಯ. ಆದರೆ ಶಿಷ್ಯೆಯ ಶ್ರದ್ಧೆಗೆ ಬೇರೂರಲು ಪ್ರಶ್ನೆಯ ಮಣ್ಣೇ ಬೇಕೆಂಬುದು ಆಕೆಗೆ ತಿಳಿಯಲಿಲ್ಲ. ಬೀಲ್ ಅವರಿಗೆ ಅದು ತಿಳಿದಿತ್ತು. ಅವರು ಉತ್ತರಕೊಟ್ಟರು, ವಾದಿಸಿದರು, ಕಾಯುವುದೊಳ್ಳೆಯದೆಂದು ಮಠದವರಿಗೂ ಸಲಹೆಯಿತ್ತರು.

1886ರ ಆದಿಯಲ್ಲಿ ಅಮೆರಿಕದಿಂದ ಆಹ್ವಾನ ಬಂತು. ದೂರದ ಬಂಧುವಾದ ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಮಾರ್ಚ್ 11ರಂದು ಪದವಿ ಪಡೆಯಲಿದ್ದರು. ಮಗಳೊಡನೆ ಹೋದ ರಮಾಬಾಯಿ ಅಲ್ಲಿ ಎರಡು ವರ್ಷಕ್ಕೂ ಮಿಕ್ಕು ನಿಂತರು. 1887ರಲ್ಲಿ ಭಾರತದ ಮೇಲ್ಜಾತಿಯ ಹಿಂದೂ ಸ್ತ್ರೀಯರ ಬಾಳನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ವಿಧವೆಯರ ಶಾಲೆಗೆ ನೆರವಾಗಲೆಂದು ಬಾಸ್ಟನ್ನಿನಲ್ಲಿ ಸಂಘವೊಂದು ಸ್ಥಾಪನೆಯಾಯಿತು. ನಾನಾ ಪಂಥಗಳ ಕ್ರೈಸ್ತರು ಅದರಲ್ಲಿ ಕೂಡಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಸರಸ್ವತಿಯ ಹೆಸರನ್ನೇ ಹೊತ್ತ ಶಾಲೆಯನ್ನು ಕ್ರೈಸ್ತಳೊಬ್ಬಳು ನಡೆಸುವುದು ಎರಡು ಕಡೆಯವರಿಗೂ ಒಗಟಾಯಿತು. ಮತಪ್ರಚಾರ ನಡೆದಿದೆಯೆಂದು 1893ರಲ್ಲಿ ಪುಣೆಯಲ್ಲಿ ಗದ್ದಲವೆದ್ದು ಅನೇಕ ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ವಾಂಟೇಜಿನ ಸಂದೇಹಗಳು ಏನಾದವು? ವಾದದಿಂದ ಅವು ಪರಿಹಾರವಾಗಲಿಲ್ಲ. 1891ರ ಸುಮಾರಿಗೆ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆಯನ್ನು ಓದುತ್ತಿದ್ದಾಗ, ತಮಗೆ ದೊರೆತದ್ದು ಕ್ರೈಸ್ತ ಮತವೇ ಹೊರತು ಕ್ರಿಸ್ತನಲ್ಲವೆಂಬ ಅರಿವು ಉಂಟಾಯಿತೆಂದು ಅವರೇ ಬರೆದುಕೊಂಡಿದ್ದಾರೆ. ಆಮೇಲೆ ಬಂದ ಭಕ್ತಿ ಯಾವ ಬಿಷಪ್ಪನ ಅಪ್ಪಣೆಯಿಂದಲೂ ಬಂದದ್ದಲ್ಲ. 1896ರ ಕ್ಷಾಮದಲ್ಲಿ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಸಮೀಪದ ಕೇಡಗಾಂವಿನಲ್ಲಿ ಮುಕ್ತಿ ಸದನವನ್ನು ಬೆಳೆಸಿದಾಗಲೂ ಅದನ್ನು ಒಂದು ಪಂಥಕ್ಕೆ ಕಟ್ಟಿಹಾಕಲಿಲ್ಲ. ಬಾಳಿನ ಕೊನೆಯ ವರ್ಷಗಳನ್ನು ಅವರು ಬೈಬಲ್ಲಿನ ಮರಾಠಿ ಅನುವಾದಕ್ಕೆ ಕೊಟ್ಟರು. ಇಂಗ್ಲಿಷಿನಿಂದ ಭಾಷಾಂತರಿಸದೆ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಮೂಲದಿಂದಲೇ ಮಾಡಿದರು. ಪಂಡಿತೆಯಾದರೂ ಸಂಸ್ಕೃತಭೂಯಿಷ್ಠ ಶೈಲಿಯನ್ನು ಬಿಟ್ಟು ಹಳ್ಳಿಯ ಹೆಂಗಸಿಗೆ ತಿಳಿಯುವ ಮರಾಠಿಯನ್ನು ಆರಿಸಿಕೊಂಡರು. ಮೊಳೆ ಜೋಡಿಸಿದವರು ಮುಕ್ತಿಯ ಹುಡುಗಿಯರೇ. 1921ರಲ್ಲಿ ಮನೋರಮೆ ತೀರಿಕೊಂಡಳು. 1922ರ ಏಪ್ರಿಲ್ 5ರಂದು ರಮಾಬಾಯಿ.

ಆ ಹಳೆಯ ಪತ್ರಗಳನ್ನು ಕಳೆಯದೆ ಕೂಡಿಸಿಟ್ಟವರು ಸೋದರಿ ಜೆರಾಲ್ಡೀನ್. ತಮಗೆ ನೋವಾದವುಗಳನ್ನೂ, ತಮ್ಮ ಮಾತಿಗೆ ಶಿಷ್ಯೆ ಬಾಗದೆ ಬರೆದವುಗಳನ್ನೂ ಜತನವಾಗಿ ಕಾಪಾಡಿದರು. ಅವು ಅಚ್ಚಾಗಿ ಹೊರಬಂದದ್ದು 1977ರಲ್ಲಿ.