ಲೈಸೆನ್ಸೇ ಇಲ್ಲದ ವಾಂಕೆಲ್ ಮಾಡಿದ ಎಂಜಿನ್: ಅದನ್ನು ಮುಳುಗಿಸಿದ್ದು ತೈಲ ಕಂಪನಿಗಳೇ? ಕಾರ್ಬ್ಯುರೇಟರ್ ಕೊಳ್ಳುವ ಮುನ್ನ ಇದನ್ನು ಓದಿ

ಪಿಸ್ಟನ್ನೇ ಇಲ್ಲದ ಎಂಜಿನ್ ಒಂದಿತ್ತಂತೆ. ಅದನ್ನು ಮಾಡಿದವರಿಗೆ ಡ್ರೈವಿಂಗ್ ಲೈಸೆನ್ಸೇ ಇರಲಿಲ್ಲವಂತೆ. ಪೆಟ್ರೋಲ್ ವ್ಯಾಪಾರ ಬಿದ್ದುಹೋಗುತ್ತದೆ ಎಂಬ ಭಯಕ್ಕೆ ತೈಲ ಕಂಪನಿಗಳು ಅದನ್ನು ಮುಚ್ಚಿಹಾಕಿದವಂತೆ. ಇಂಥ ‘ಅಂತೆ’ಗಳು ಫೋನಿನಿಂದ ಫೋನಿಗೆ ಹರಿದಾಡುತ್ತಲೇ ಇರುತ್ತವೆ.

ಇವುಗಳಲ್ಲಿ ಮೊದಲ ಎರಡು ನಿಜ. ಮೂರನೆಯದು ಸುಳ್ಳು. ಈ ಎಂಜಿನ್ ಹಿಂದೆ ಬಿದ್ದ ಕಾರಣ ತಿಳಿಯದೆ, ಹಳೆಯ ರೋಟರಿ ಕಾರಿಗೆ ಮಾರ್ಪಡಿಸಿದ ಕಾರ್ಬ್ಯುರೇಟರ್ ಕೊಂಡು ಎಂಜಿನ್ನನ್ನೇ ಕಳೆದುಕೊಳ್ಳುವ ಅಪಾಯ ಇವತ್ತಿಗೂ ಇದೆ. ಹಾಗಾಗಿ ಫೆಲಿಕ್ಸ್ ವಾಂಕೆಲ್ ಅವರ ಬದುಕಿನ ಕಥೆಯನ್ನು ಮೊದಲಿಂದ ನೋಡೋಣ.

ಪುಸ್ತಕ ಮಾರುತ್ತಿದ್ದ ಹುಡುಗ

ವಾಂಕೆಲ್ ಹುಟ್ಟಿದ್ದು 1902ರ ಆಗಸ್ಟ್ 13ರಂದು, ಜರ್ಮನಿಯ ಲಾರ್ ಎಂಬ ಊರಿನಲ್ಲಿ. ತಂದೆ ಅರಣ್ಯ ಇಲಾಖೆಯ ಅಧಿಕಾರಿ. ಮೊದಲ ಮಹಾಯುದ್ಧದ ಆರಂಭದಲ್ಲೇ ಅವರು ತೀರಿಕೊಂಡರು. ತಾಯಿ ಮಗನನ್ನು ಕರೆದುಕೊಂಡು ಹೈಡೆಲ್‌ಬರ್ಗ್‌ಗೆ ಬಂದರು. 1921ರಲ್ಲಿ ಹುಡುಗನ ಶಾಲೆ ಅರ್ಧಕ್ಕೇ ನಿಂತಿತು. ವಿಜ್ಞಾನದ ಪುಸ್ತಕಗಳನ್ನು ಪ್ರಕಟಿಸುವ ಸಂಸ್ಥೆಯೊಂದರಲ್ಲಿ ಪುಸ್ತಕ ಮಾರುವ ಕೆಲಸ ಸಿಕ್ಕಿತು.

ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ ವಾಂಕೆಲ್. ಓದಿ, ಬಿಚ್ಚಿ, ಜೋಡಿಸಿ ಕಲಿತದ್ದೇ ಅವರ ವಿದ್ಯೆ. 1924ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಒಂದು ಚಿಕ್ಕ ವರ್ಕ್‌ಶಾಪ್ ಹಾಕಿಕೊಂಡರು. 1929ರಲ್ಲಿ ತಿರುಗುವ ಎಂಜಿನ್‌ಗೆ ಮೊದಲ ಪೇಟೆಂಟ್ ಸಿಕ್ಕಿತು.

ಲೈಸೆನ್ಸ್ ಇಲ್ಲದ್ದಕ್ಕೆ ಕಾರಣ ಸರಳ. ಅವರಿಗೆ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ, ಸಮೀಪದೃಷ್ಟಿ ದೋಷ ಬಹಳ ಇತ್ತು. ಮುಂದೆ ತಮ್ಮದೇ ಎಂಜಿನ್ ಇದ್ದ ಕಾರು ಮನೆಗೆ ಬಂದಾಗಲೂ ಚಾಲಕನೇ ಓಡಿಸುತ್ತಿದ್ದ.

ಫಾರ್ವರ್ಡ್‌ಗಳಲ್ಲಿ ಬಾರದ ಪುಟ

ವಾಂಕೆಲ್ ಹರೆಯದಲ್ಲೇ ನಾಜಿ ಪಕ್ಷ ಸೇರಿದ್ದರು. ಸ್ಥಳೀಯ ನಾಯಕನ ಮೇಲೆ ಭ್ರಷ್ಟಾಚಾರದ ಆರೋಪ ಮಾಡಿ 1932ರಲ್ಲಿ ಪಕ್ಷದಿಂದ ಹೊರಬಿದ್ದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಕೆಲವು ತಿಂಗಳು ಜೈಲಿನಲ್ಲೂ ಇದ್ದರು. ಇಷ್ಟನ್ನೇ ಹೇಳಿದರೆ ಅವರು ನಾಜಿಗಳನ್ನು ವಿರೋಧಿಸಿದ ವೀರನಂತೆ ಕಾಣುತ್ತಾರೆ. ಆದರೆ ಬಿಡುಗಡೆಯಾಗಿದ್ದು ಪಕ್ಷದ ದೊಡ್ಡವರೊಬ್ಬರ ಕೃಪೆಯಿಂದ. ಆಮೇಲೆ ಲಿಂಡೌ ಎಂಬ ಊರಿನಲ್ಲಿ, ಜರ್ಮನ್ ವಾಯುಯಾನ ಸಚಿವಾಲಯದ ಬೆಂಬಲದಿಂದ ಯುದ್ಧವಿಮಾನಗಳ ಎಂಜಿನ್‌ಗಾಗಿ ದುಡಿದರು. 1940ರಲ್ಲಿ ಎಸ್‌ಎಸ್ ಪಡೆಗೂ ಸೇರಿದ್ದರು. 1945ರಲ್ಲಿ ಫ್ರೆಂಚ್ ಸೇನೆ ಅವರನ್ನು ಬಂಧಿಸಿ, ವರ್ಕ್‌ಶಾಪನ್ನು ಕಿತ್ತುಹಾಕಿತು.

ಲಿಂಡೌನಲ್ಲಿ ಅವರು ತಲೆಕೆಡಿಸಿಕೊಂಡದ್ದು ತಿರುಗುವ ಭಾಗಗಳ ಸಂದಿಯಿಂದ ಅನಿಲ ಸೋರದಂತೆ ತಡೆಯುವುದು ಹೇಗೆ ಎಂಬ ಪ್ರಶ್ನೆಗೆ. ಅವರ ಎಂಜಿನ್‌ನ ಹಣೆಬರಹ ಬರೆದದ್ದೂ ಇದೇ ಪ್ರಶ್ನೆ.

ಎಂಜಿನ್ ತಿರುಗಿತು, ಆದರೆ…

1951ರಲ್ಲಿ ಎನ್‌ಎಸ್‌ಯು ಎಂಬ ಜರ್ಮನ್ ವಾಹನ ಕಂಪನಿ ವಾಂಕೆಲ್ ಜೊತೆ ಒಪ್ಪಂದ ಮಾಡಿಕೊಂಡಿತು. 1957ರ ಫೆಬ್ರವರಿ 1ರಂದು ಮೊದಲ ಮಾದರಿ ಎಂಜಿನ್ ತಿರುಗಿತು. ಅದರಲ್ಲಿ ಒಳಗಿನ ರೋಟರ್ ಜೊತೆ ಹೊರಗಿನ ಕವಚವೂ ತಿರುಗುತ್ತಿತ್ತು. ಸ್ಪಾರ್ಕ್ ಪ್ಲಗ್ ಬದಲಿಸಲು ಇಡೀ ಎಂಜಿನ್ ಬಿಚ್ಚಬೇಕಿತ್ತು! ಅದೇ ಕಂಪನಿಯ ಎಂಜಿನಿಯರ್ ಹಾನ್ಸ್ ಡೀಟರ್ ಪಾಷ್ಕೆ, ಕವಚ ನಿಂತೇ ಇದ್ದು ರೋಟರ್ ಮಾತ್ರ ತಿರುಗುವ ಸರಳ ರೂಪ ಕೊಟ್ಟರು. ವಾಂಕೆಲ್‌ಗೆ ಅದು ಸ್ವಲ್ಪವೂ ಇಷ್ಟವಾಗಲಿಲ್ಲ. ಆದರೆ ರಸ್ತೆಗೆ ಇಳಿದದ್ದು ಪಾಷ್ಕೆ ರೂಪವೇ.

ಇದು ಕೆಲಸ ಮಾಡುವ ರೀತಿ ಹೀಗೆ: ಉಬ್ಬಿದ ಬದಿಗಳ ತ್ರಿಕೋನದಂಥ ರೋಟರ್, ನಡು ಸ್ವಲ್ಪ ಸಣ್ಣಗಾದ ಮೊಟ್ಟೆಯಾಕಾರದ ಕವಚದೊಳಗೆ ತಿರುಗುತ್ತದೆ. ಮೂರು ಬದಿಗಳಲ್ಲೂ ಗಾಳಿ-ಪೆಟ್ರೋಲ್ ಒಳಗೆ ಬರುವುದು, ಒತ್ತುವುದು, ಉರಿಯುವುದು, ಹೊಗೆ ಹೊರಹೋಗುವುದು ಸರದಿಯಂತೆ ನಡೆಯುತ್ತವೆ. ರೋಟರ್ ಒಂದು ಸುತ್ತು ಹಾಕುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ಹಾಕಿರುತ್ತದೆ. ಮೇಲೆ-ಕೆಳಗೆ ಬಡಿಯುವ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಹಾಗಾಗಿ ಎಂಜಿನ್ ಚಿಕ್ಕದು, ಹಗುರ, ನಡುಕವೂ ಕಡಿಮೆ.

ಕಷ್ಟ ಇರುವುದು ತ್ರಿಕೋನದ ಮೂರು ತುದಿಗಳಲ್ಲಿ. ಅಲ್ಲಿ ಅಪೆಕ್ಸ್ ಸೀಲ್ ಎಂಬ ತೆಳು ಪಟ್ಟಿಗಳಿವೆ. ನಿಮಿಷಕ್ಕೆ ಸಾವಿರಾರು ಸುತ್ತಿನ ವೇಗದಲ್ಲಿ, ಉರಿಯುವ ಅನಿಲದ ನಡುವೆ, ಅವು ಕವಚದ ಗೋಡೆಯನ್ನು ಬಿಡದೆ ಉಜ್ಜುತ್ತಿರಬೇಕು. ಸವೆದರೆ ಒತ್ತಡ ಸೋರುತ್ತದೆ. ಮುರಿದರೆ ಎಂಜಿನ್ ಕಥೆ ಮುಗಿದ ಹಾಗೆ.

ನಿಜವಾಗಿ ಮುಳುಗಿಸಿದ್ದು ಏನು?

1967ರಲ್ಲಿ ಎನ್‌ಎಸ್‌ಯು ತಂದ ರೋ 80 ಕಾರು ಯುರೋಪಿನ ವರ್ಷದ ಕಾರು ಪ್ರಶಸ್ತಿ ಗೆದ್ದಿತು. ಆದರೆ ಸೀಲ್‌ಗಳು ಬೇಗ ಸವೆದವು. ವಾರಂಟಿಯಲ್ಲಿ ಎಂಜಿನ್ ಬದಲಿಸಿ ಕೊಟ್ಟೂ ಕೊಟ್ಟೂ ಕಂಪನಿ ಸೋತಿತು. 1969ರಲ್ಲಿ ಫೋಕ್ಸ್‌ವ್ಯಾಗನ್ ಗುಂಪಿನೊಳಗೆ ಕರಗಿಹೋಯಿತು.

ಜಪಾನಿನ ಮಾಜ್ದಾ ಕಂಪನಿಗೂ ಇದೇ ಕಾಟ. ಸೀಲ್‌ಗಳು ನಡುಗಿ ಕವಚದ ಮೇಲೆ ಅಲೆಅಲೆಯಾದ ಗೀರು ಬೀಳುತ್ತಿದ್ದವು. ಅಲ್ಲಿನ ಎಂಜಿನಿಯರುಗಳು ಅದಕ್ಕೆ ದೆವ್ವದ ಉಗುರಿನ ಗುರುತು ಎಂದು ಹೆಸರಿಟ್ಟಿದ್ದರು. ಕೆನಿಚಿ ಯಮಾಮೊಟೊ ಅವರ ತಂಡ ಇಂಗಾಲಕ್ಕೆ ಅಲ್ಯೂಮಿನಿಯಂ ಸೇರಿಸಿದ ಸೀಲ್ ಮಾಡಿದ ಮೇಲೆ, 1967ರಲ್ಲಿ ಕಾಸ್ಮೊ ಸ್ಪೋರ್ಟ್ ಮಾರುಕಟ್ಟೆಗೆ ಬಂತು.

ಇನ್ನೊಂದು ತೊಂದರೆ ಆಕಾರದಲ್ಲೇ ಇತ್ತು. ಪೆಟ್ರೋಲ್ ಉರಿಯುವ ಜಾಗ ಉದ್ದ, ತೆಳು. ಶಾಖ ಗೋಡೆಗಳಿಗೆ ಸೋರುತ್ತದೆ, ಮೂಲೆಯ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಮೈಲೇಜ್ ಕಡಿಮೆ, ಹೊಗೆ ಹೆಚ್ಚು. 1973ರಲ್ಲಿ ತೈಲ ಬಿಕ್ಕಟ್ಟು ಬಂದಾಗ ಇದು ದೊಡ್ಡ ಹೊಡೆತವಾಯಿತು. ವಾಂಕೆಲ್ ಪರವಾನಗಿಗೆ 5 ಕೋಟಿ ಡಾಲರ್ ಕೊಡಲು ಒಪ್ಪಿದ್ದ ಜನರಲ್ ಮೋಟಾರ್ಸ್ ಕೂಡ ಯೋಜನೆ ಕೈಬಿಟ್ಟಿತು.

ಈಗ ನೀವೇ ಯೋಚಿಸಿ. ಹೆಚ್ಚು ಪೆಟ್ರೋಲ್ ಕುಡಿಯುವ ಎಂಜಿನ್ನನ್ನು ತೈಲ ಕಂಪನಿಗಳು ಯಾಕೆ ಮುಚ್ಚಿಹಾಕಬೇಕು? ಪರವಾನಗಿಯೂ ಗುಟ್ಟಾಗಿರಲಿಲ್ಲ. ಡೈಮ್ಲರ್-ಬೆಂಜ್, ರೋಲ್ಸ್-ರಾಯ್ಸ್, ನಿಸಾನ್‌ನಂಥ ಹಲವು ಕಂಪನಿಗಳು ದುಡ್ಡು ಕೊಟ್ಟು ಪಡೆದಿದ್ದವು.

ಹಳೇ ಆರ್‌ಎಕ್ಸ್-7 ಮತ್ತು ಹೊಸ ಕಾರ್ಬ್ಯುರೇಟರ್

ಮಾಜ್ದಾ ಮಾತ್ರ ಬಿಡಲಿಲ್ಲ. 1978ರಲ್ಲಿ ಬಂದ ಆರ್‌ಎಕ್ಸ್-7 ಸ್ಪೋರ್ಟ್ಸ್ ಕಾರಿನ ಮೊದಲ ಪೀಳಿಗೆ 1985ರವರೆಗೆ ನಡೆಯಿತು. 4 ಲಕ್ಷ 70 ಸಾವಿರಕ್ಕೂ ಹೆಚ್ಚು ಕಾರುಗಳು ತಯಾರಾದವು. ಅವುಗಳಲ್ಲಿ ಬಹುಪಾಲಿಗೆ 12ಎ ಎಂಬ ಎಂಜಿನ್, ಅದರ ಮೇಲೆ ನಾಲ್ಕು ಕತ್ತಿನ ನಿಕ್ಕಿ ಕಾರ್ಬ್ಯುರೇಟರ್. ಇಂದು ಆ ಕಾರು ಇಟ್ಟುಕೊಂಡವರು ಹೆಚ್ಚು ಪವರ್ ಬೇಕೆಂದು ಇದನ್ನೇ ಮಾರ್ಪಡಿಸಿದ ಕಾರ್ಬ್ಯುರೇಟರ್ ಕೊಳ್ಳುತ್ತಾರೆ. ಮಾರ್ಪಾಡು ಅಂದರೆ ಗಾಳಿ ಹೋಗುವ ಕತ್ತನ್ನು ಅಗಲ ಮಾಡಿ, ಅದಕ್ಕೆ ತಕ್ಕಂತೆ ಪೆಟ್ರೋಲ್ ಬಿಡುವ ಜೆಟ್‌ಗಳನ್ನು ಬದಲಿಸುವುದು. ಅಂಥದ್ದನ್ನು ಕೊಳ್ಳುವ ಮುನ್ನ ನಾಲ್ಕು ವಿಷಯ ಗಮನಿಸಿ.

1. ಆಯಿಲ್ ಎಲ್ಲಿಂದ ಬರುತ್ತದೆ? ಅಪೆಕ್ಸ್ ಸೀಲ್ ಒಣಗದಿರಲು 12ಎ ಎಂಜಿನ್‌ನಲ್ಲಿ ಒಂದು ಪುಟ್ಟ ಪಂಪ್, ಸ್ವಲ್ಪ ಸ್ವಲ್ಪವೇ ಎಂಜಿನ್ ಆಯಿಲನ್ನು ಕಾರ್ಬ್ಯುರೇಟರ್‌ಗೇ ಕಳಿಸುತ್ತದೆ. ಆಕ್ಸಿಲರೇಟರ್ ತುಳಿದಷ್ಟೂ ಆಯಿಲ್ ಹೆಚ್ಚಾಗಲು ಒಂದು ಕಡ್ಡಿಯ ಜೋಡಣೆಯೂ ಇರುತ್ತದೆ. ಕೊಳ್ಳುವ ಕಾರ್ಬ್ಯುರೇಟರ್‌ನಲ್ಲಿ ಆ ಆಯಿಲ್ ಕೊಳವೆಗಳಿಗೂ ಕಡ್ಡಿಗೂ ಜಾಗ ಇದೆಯೇ ಎಂದು ಮೊದಲು ಕೇಳಿ. ಇಲ್ಲದಿದ್ದರೆ ಪೆಟ್ರೋಲ್‌ಗೇ ಆಯಿಲ್ ಬೆರೆಸಬೇಕಾಗುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕಿಗೆ ಬಂಕ್‌ನಲ್ಲಿ 2ಟಿ ಆಯಿಲ್ ಹಾಕಿಸಿದವರಿಗೆ ಈ ಅಭ್ಯಾಸ ಗೊತ್ತು. ಎಷ್ಟು ಬೆರೆಸಬೇಕು ಎಂಬುದನ್ನು ರೋಟರಿ ಎಂಜಿನ್ ತಿಳಿದ ಮೆಕ್ಯಾನಿಕ್ ಹತ್ತಿರವೇ ಕೇಳಿ.

2. ಮೊದಲು ಕಂಪ್ರೆಷನ್ ಪರೀಕ್ಷೆ. ಸೀಲ್ ಸವೆದಿದ್ದರೆ ಎಂಥ ಕಾರ್ಬ್ಯುರೇಟರ್ ಹಾಕಿದರೂ ದುಡ್ಡು ದಂಡ. ಸಾಮಾನ್ಯ ಗೇಜ್ ಮೂರು ಬದಿಗಳ ಪೈಕಿ ಹೆಚ್ಚಿನದನ್ನಷ್ಟೇ ತೋರಿಸುತ್ತದೆ. ಮೂರನ್ನೂ ಬೇರೆಬೇರೆಯಾಗಿ ತೋರಿಸುವ ರೋಟರಿ ಗೇಜ್ ಬೇಕು.

3. ಪೆಟ್ರೋಲ್ ಸಾಲದಿದ್ದರೆ ಅಪಾಯ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ನಾಕ್ ಆಗುತ್ತದೆ. ಆ ಹೊಡೆತಕ್ಕೆ ಅಪೆಕ್ಸ್ ಸೀಲ್ ಮುರಿಯಬಹುದು. ನಿಮ್ಮ ಎಂಜಿನ್, ಸೈಲೆನ್ಸರ್ ಯಾವುವು ಎಂದು ತಿಳಿಸಿ, ಅದಕ್ಕೆ ಹೊಂದುವ ಜೆಟ್ ಹಾಕಿಸಿ.

4. ಮೈಲೇಜ್ ಜಾದೂ ನಂಬಬೇಡಿ. ಇದು ಕೊಡುವುದು ಪವರ್. ಪೆಟ್ರೋಲಿನಲ್ಲಿ ಇಲ್ಲದ ಶಕ್ತಿಯನ್ನು ಯಾವ ಕಾರ್ಬ್ಯುರೇಟರೂ ಹುಟ್ಟಿಸಲಾರದು.

ಕೊನೆಯ ದಿನಗಳು

1969ರಲ್ಲಿ ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ವಾಂಕೆಲ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1971ರಲ್ಲಿ ಅವರೂ ಅವರ ಪಾಲುದಾರರೂ ತಮ್ಮ ಹಕ್ಕುಗಳನ್ನು 10 ಕೋಟಿ ಮಾರ್ಕ್‌ಗೆ ಮಾರಿದರು. ಪ್ರಾಣಿಗಳ ಮೇಲೆ ಪ್ರಯೋಗ ಮಾಡದೆ ಸಂಶೋಧನೆ ನಡೆಸುವವರಿಗಾಗಿ ವಾಂಕೆಲ್ ಹೆಸರಿನಲ್ಲಿ ಒಂದು ಪ್ರಶಸ್ತಿಯೂ ಹುಟ್ಟಿಕೊಂಡಿತು. 1988ರ ಅಕ್ಟೋಬರ್ 9ರಂದು ಅವರು ತೀರಿಕೊಂಡರು. ಮೂರು ವರ್ಷದ ನಂತರ, 1991ರಲ್ಲಿ, ನಾಲ್ಕು ರೋಟರ್‌ಗಳ ಮಾಜ್ದಾ 787ಬಿ ಕಾರು ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸ್ ಗೆದ್ದಿತು.

ತೀರ್ಪು: ವಾಂಕೆಲ್ ಎಂಜಿನ್ನನ್ನು ಯಾರೂ ಬಚ್ಚಿಡಲಿಲ್ಲ. ಅದು ಸೋತದ್ದು ಸೀಲ್ ಸವೆತಕ್ಕೆ, ಪೆಟ್ರೋಲ್ ದಾಹಕ್ಕೆ, ಹೊಗೆಗೆ. ತೈಲ ಕಂಪನಿಗಳ ಪಿತೂರಿಯ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಹಳೇ ರೋಟರಿ ಕಾರಿಗೆ ಕಾರ್ಬ್ಯುರೇಟರ್ ಹುಡುಕುತ್ತಿರುವ ಗೆಳೆಯರಿದ್ದರೆ, ಆಯಿಲ್ ಕೊಳವೆಯ ವಿಷಯವನ್ನು ಅವರಿಗೆ ಮರೆಯದೆ ತಿಳಿಸಿ.