ಇಂಪೀಡೆನ್ಸ್ ಪದ ಕೊಟ್ಟ ಆಲಿವರ್ ಹೆವಿಸೈಡ್

ದ್ವಿತೀಯ ಪಿಯುಸಿ ವಿಜ್ಞಾನ ಓದುವ ನಮಗೆಲ್ಲ ಇಂಪೀಡೆನ್ಸ್ ಪರಿಚಿತ ಪದ. ಪರ್ಯಾಯ ವಿದ್ಯುತ್ತಿಗೆ ಒಂದು ಬಿಡಿಭಾಗ ಒಡ್ಡುವ ಒಟ್ಟು ಅಡ್ಡಿ ಅದು. ಈ ಪದವನ್ನು 1886ರಲ್ಲಿ ಬಳಕೆಗೆ ತಂದ ಆಲಿವರ್ ಹೆವಿಸೈಡ್ ಕಾಲೇಜಿನಲ್ಲಿ ಓದಿದವರೇ ಅಲ್ಲ ಎಂದು ತಿಳಿದು ನಾನು ಅವರ ಬಗ್ಗೆ ಓದತೊಡಗಿದೆ.

ಅವರು ಹುಟ್ಟಿದ್ದು 1850ರ ಮೇ 18ರಂದು, ಲಂಡನ್ನಿನ ಬಡ ಕುಟುಂಬವೊಂದರಲ್ಲಿ. ಬಾಲ್ಯದಲ್ಲಿ ಬಂದ ಸ್ಕಾರ್ಲೆಟ್ ಜ್ವರದಿಂದ ಕಿವಿ ಮಂದವಾಯಿತು. 16ನೇ ವಯಸ್ಸಿಗೆ ಶಾಲೆ ಬಿಟ್ಟು, ಮುಂದೆ ಟೆಲಿಗ್ರಾಫ್ ಕೆಲಸಕ್ಕೆ ಸೇರಿದರು. 1874ರಲ್ಲಿ ಅದನ್ನೂ ಬಿಟ್ಟು ಮನೆಯಲ್ಲೇ ಕುಳಿತು ಮ್ಯಾಕ್ಸ್‌ವೆಲ್ಲರ ಗ್ರಂಥ ಓದಿದರು. ಇಂದು ನಾವು ನಾಲ್ಕು ಸಾಲಿನಲ್ಲಿ ಬರೆಯುವ ಮ್ಯಾಕ್ಸ್‌ವೆಲ್ ಸಮೀಕರಣಗಳಿಗೆ ಆ ರೂಪ ಕೊಟ್ಟವರಲ್ಲಿ ಅವರು ಪ್ರಮುಖರು.

ತಂತಿಯಲ್ಲಿ ಸಂಕೇತ ಅಲೆಯಾಗಿ ಸಾಗುವುದನ್ನು ಅವರು ಗಣಿತದಲ್ಲಿ ವಿವರಿಸಿದರು. ತುದಿಯಲ್ಲಿರುವ ಬಿಡಿಭಾಗದ ಇಂಪೀಡೆನ್ಸ್ ತಂತಿಗೆ ಹೊಂದಿದರೆ ಅಲೆ ಪೂರ್ತಿ ಹೀರಲ್ಪಡುತ್ತದೆ. ಹೊಂದದಿದ್ದರೆ ಒಂದು ಪಾಲು ಹಿಂದಿರುಗುತ್ತದೆ.

ಕೋಟಿಗಟ್ಟಲೆ ಹರ್ಟ್ಸ್ ಆವರ್ತನದಲ್ಲಿ ಸಾಮಾನ್ಯ ಮಲ್ಟಿಮೀಟರ್ ನಡೆಯದು. ಅಲ್ಲಿ ನೆಟ್‌ವರ್ಕ್ ಅನಲೈಸರ್ ಎಂಬ ಉಪಕರಣ ಅಲೆಯನ್ನು ಕಳಿಸಿ, ಮರಳಿದ ಪಾಲನ್ನು ಅಳೆಯುತ್ತದೆ. 50 ಓಮ್ ಕೇಬಲ್ಲಿನಲ್ಲಿ ವೋಲ್ಟೇಜಿನ ಮೂರನೇ ಒಂದು ಭಾಗ ಅದೇ ಫೇಸಿನಲ್ಲಿ ಮರಳಿತು ಎನ್ನೋಣ. ಒಂದಕ್ಕೆ ಆ ಪಾಲನ್ನು ಕೂಡಿದರೆ 4/3, ಕಳೆದರೆ 2/3. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 50ರಿಂದ ಗುಣಿಸಿದರೆ 100 ಓಮ್. ಅದೇ ಬಿಡಿಭಾಗದ ಇಂಪೀಡೆನ್ಸ್. ಕಾಯಿಲ್, ಕೆಪಾಸಿಟರ್‌ಗಳಲ್ಲಿ ಫೇಸ್ ಬದಲಾಗುವುದರಿಂದ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ಕೇಬಲ್ಲಿನ ಪ್ರಭಾವ ಬೆರೆಯದಿರಲು ಮೊದಲು ಅದರ ತುದಿಯನ್ನು ತೆರೆದಿಟ್ಟು, ಶಾರ್ಟ್ ಮಾಡಿ, 50 ಓಮ್ ಜೋಡಿಸಿ ಅಳೆದು ಸರಿಪಡಿಸುತ್ತಾರೆ.

ತಂತಿಗೆ ಇಂಡಕ್ಟೆನ್ಸ್ ಸೇರಿಸಿದರೆ ದೂರದ ಮಾತು ಸ್ಪಷ್ಟವಾಗುತ್ತದೆ ಎಂದು ಹೆವಿಸೈಡ್ ಹೇಳಿದಾಗ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಪ್ರೀಸ್ ಒಪ್ಪಲಿಲ್ಲ. ಮುಂದೆ ದೂರದ ಟೆಲಿಫೋನ್ ತಂತಿಗಳಲ್ಲಿ ಅದೇ ಉಪಾಯ ಕೆಲಸಕ್ಕೆ ಬಂತು. 1891ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೋ ಆದರು. 1922ರಲ್ಲಿ ಮೊದಲ ಫ್ಯಾರಡೆ ಪದಕ ಅವರಿಗೆ ಸಂದಿತು. 1925ರ ಫೆಬ್ರವರಿ 3ರಂದು ತೀರಿಕೊಂಡರು.

ನನಗೂ ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ. ಎಲೆಕ್ಟ್ರಾನಿಕ್ಸ್ ನಿನ್ನಿಂದ ಆಗುತ್ತದಾ ಎಂದು ಕೇಳಿದವರಿದ್ದಾರೆ. ಹೆವಿಸೈಡರಿಗೆ ಸಿಗದ ಉಪನ್ಯಾಸಕರು, ಪ್ರಯೋಗಾಲಯ, ಸ್ನೇಹಿತರು ನನಗಿದ್ದಾರೆ. ಹಾಗಾಗಿ ಪರೀಕ್ಷೆ ಮುಗಿದ ಮೇಲೆ ಎಲೆಕ್ಟ್ರಾನಿಕ್ಸ್‌ಗೇ ಅರ್ಜಿ ಹಾಕುತ್ತೇನೆ.